ತೆಕ್ಕೆಗೆ ಎಂಟು

ಪುಸ್ತಕ ಎಣಿಸುವುದು ಹೋಲಿಕೆಗಳನ್ನು.
ಇದು ದೊಡ್ಡದೋ, ಅದು ದೊಡ್ಡದೋ,
ಎಷ್ಟು ಸಲ ಕೇಳಿದೆ ಎಂಬುದಷ್ಟೇ ಲೆಕ್ಕ.
ಹನ್ನೊಂದು ವರ್ಷ ಪಾಲಿಟೆಕ್ನಿಕ್ಕಿನ ಹಲಗೆಯ ಮೇಲೆ
ನಾನೂ ಅದನ್ನೇ ಬರೆದೆ, ಅದನ್ನೇ ಒರೆಸಿದೆ.

ಕೌಲ್ ಬಜಾರಿನಲ್ಲಿ ನಮ್ಮ ಭಾವನ ಜೀನ್ಸ್ ಶೆಡ್ಡು.
ಇನ್ವರ್ಟರ್ ಇರುವುದು ಅಲ್ಲೇ, ಅದಕ್ಕೇ ರಾತ್ರಿ ಹೋಗಿ ಕೂರುತ್ತೇನೆ.
ಹತ್ತು ಕೋಟಿ ಅಡ್ಡಾದಿಡ್ಡಿ ಅಂಕಿ,
ಸಾಲಿಗೆ ನಿಲ್ಲಿಸಲು ಒಂಬತ್ತು ಸೆಕೆಂಡು.
ಏಪ್ರಿಲ್ಲಿನ ಬಳ್ಳಾರಿಯಲ್ಲಿ ಲ್ಯಾಪ್‌ಟಾಪಿನ ಫ್ಯಾನಿಗೂ ಏದುಸಿರು.

ಎದುರಿಗೆ ಮಾಬುನ್ನಿ.
ತೊಳೆದು ಬಂದ ಪ್ಯಾಂಟಿನ ಗುಡ್ಡೆ,
ಇಪ್ಪತ್ತೆಂಟರಿಂದ ನಲವತ್ತು, ಎಲ್ಲ ಕಲಸುಮೇಲೋಗರ.
ಗೋಡೆಯುದ್ದಕ್ಕೂ ಏಳು ರಾಶಿ. ಅವಳು ಮಾತ್ರ
ಪ್ರತಿ ಪ್ಯಾಂಟಿಗೂ ಎದ್ದು ನಡೆಯುವುದಿಲ್ಲ.
ಪಕ್ಕದ ಬೆಂಚಿನ ಮೇಲೇ ಏಳು ಪುಟ್ಟ ಮಡಿಕೆ,
ಒಂದು ಮಡಿಕೆಯಲ್ಲಿ ಎಂಟಾದವೋ
ತೆಕ್ಕೆಗೆ ತಬ್ಬಿ, ಒಂದೇ ನಡೆಗೆ ರಾಶಿಗೆ.
"ಕೈಗೆ ಸಿಗೋದು ಪುಕ್ಕಟೆ ಸಾರ್.
ಮಂಡಿ ಎತ್ತಿದ್ರ ಖರ್ಚು."

ಪುಸ್ತಕದಲ್ಲಿ ಮಂಡಿಯ ಮಾತೇ ಇಲ್ಲ.
ಚಿಪ್ಪಿನ ಮಗ್ಗುಲಲ್ಲೂ ಒಂದು ಸಣ್ಣ ಬೆಂಚಿದೆ,
ಮೆಮೊರಿ ದೂರದ ಗೋಡೆ.
ಹೋಗಿ ಬರುವಷ್ಟರಲ್ಲಿ
ನೂರು ಹೋಲಿಕೆ ಮುಗಿದಿರುತ್ತವೆ.

ಇನ್ನೊಂದು: ಅವಳು ಕೇಳುವುದೂ ಇಲ್ಲ.
ನಂಬರ್ ಕಣ್ಣಿಗೆ ಬಿದ್ದದ್ದೇ ಕೈ ಅಲ್ಲಿರುತ್ತದೆ.
ನನ್ನ ಚಿಪ್ಪು ಅವಸರಗೇಡಿ.
ಪ್ರಶ್ನೆ ಕೇಳಿದರೆ ಉತ್ತರಕ್ಕೆ ಕಾಯದೆ
ಊಹಿಸಿ ಓಡುತ್ತದೆ, ಊಹೆ ತಪ್ಪಿತೋ
ಮಾಡಿದ್ದೆಲ್ಲ ಕೊಡವಿ ಮತ್ತೆ ಹಿಂದಕ್ಕೆ.
ಅಡ್ಡಾದಿಡ್ಡಿ ಅಂಕಿಯಲ್ಲಿ
ಎರಡರಲ್ಲೊಂದು ಊಹೆ ತಪ್ಪು.

ಕೇಳುವುದನ್ನೇ ಅಳಿಸಿದೆ.
ಅಂಕಿ ತಾನೇ ತನ್ನ ಮನೆಯ ನಂಬರ್ ಆಗಲಿ.
ಇನ್ನೂರೈವತ್ತಾರು ಮಡಿಕೆ, ಮಡಿಕೆಗೆ ಎಂಟು,
ತುಂಬಿದಾಗ ಮಾತ್ರ ಗೋಡೆಗೆ.
ಬೆಂಚಿನ ಉಪಕಾರ ಬೆಂಚಿಗೇ ಗೊತ್ತಿಲ್ಲ.

ಒಂದೂಕಾಲು ಸೆಕೆಂಡು.
ಎರಡನೇ ಸಲವೂ ಅಷ್ಟೇ.
ಕುರ್ಚಿ ಸರಿಸಿ ಎದ್ದೇ ಬಿಟ್ಟೆ:
"ಮಾಬುನ್ನಿ, ಏಳು ಪಟ್ಟು!"
"ಯಾತಕ್ಕ ಸಾರ್, ಏನು ವಿಂಗಡಿಸಿದ್ರಿ?"
ಏನೂ ಇಲ್ಲ. ಬರೀ ಅಂಕಿ. ನಾನೇ ಹುಟ್ಟಿಸಿದ್ದು.
ಅವಳು ನಗಲಿಲ್ಲ, ಅದೇ ದೊಡ್ಡದು.

ಗುಡ್ಡೆಯ ಅಡಿಯಲ್ಲಿ ಒಂದು ಪ್ಯಾಂಟು,
ಆಸಿಡ್ಡಿಗೆ ಲೇಬಲ್ ಕರಗಿ ಬೋಳು.
ಇಂಥದ್ದು ಬಂದರೆ ನನ್ನ ಪ್ರೋಗ್ರಾಮು
ಅಲ್ಲೇ ಮಗುಚಿಕೊಳ್ಳುತ್ತದೆ.
ಮಾಬುನ್ನಿ ಸೊಂಟಪಟ್ಟಿಯನ್ನು
ತನ್ನ ಕತ್ತಿಗೆ ಒಂದು ಸುತ್ತು ಸುತ್ತಿ ನೋಡಿದಳು,
ತುದಿಗೆ ತುದಿ ಮುಟ್ಟಿ ಎರಡು ಬೆರಳು ಹೆಚ್ಚು.
"ಮೂವತ್ತೆರಡು," ಅಂದಳು,
ಎಸೆದಳು.