ಮೂರನೇ ಗಡಿಕಲ್ಲು

ಸಂಡೂರಿನ ವಾಚರ್ ತಾಯಪ್ಪನ ಡೈರಿಯಲ್ಲಿ
ಹೂವಿನ ಹೆಸರಿಲ್ಲ.
'ಸೋಮವಾರ. ಮೂರನೇ ಗಡಿಕಲ್ಲಿನಾಚೆ
ನೀಲಿ ಬಿದ್ದೈತಿ.'
ಯಾರೋ ಇಳಕಲ್ಲು ಸೀರೆ ಹರವಿ ಮರೆತಂತೆ.

ಹನ್ನೆರಡು ವರ್ಷದ ಹಿಂದೆ ಅರಳಿದಾಗ
ಇವನ ಮೀಸೆ ಕಪ್ಪಿತ್ತು,
ಗುಡ್ಡಕ್ಕೆ ನೆತ್ತಿ ಇತ್ತು.
ಶ್ರಾವಣದ ಮೋಡ ಈಗಲೂ
ಹಳೇ ಎತ್ತರಕ್ಕೇ ಬಂದು ಒರಗಲು ನೋಡುತ್ತದೆ,
ಹೆಗಲು ಸಿಗದೆ
ಮುಂದೆ ಹೋಗುತ್ತದೆ.

ಎಸಳ ಮೇಲೆ ಅದಿರಿನ ಧೂಳು.
ಒಂದು ಹೂ ಊದಿದ,
ಇನ್ನೊಂದು.
ಇಡೀ ಇಳಿಜಾರು ಊದಲಾಗುತ್ತದೆಯೇ,
ಕೂತು ಬುತ್ತಿ ಬಿಚ್ಚಿದ.

'ಒಂದಾದ್ರೂ ತರಬಾರದಿತ್ತಾ ಮುಡಿಯಾಕ?'
ರಾತ್ರಿ ಹುಲಿಗೆಮ್ಮ ಕೇಳಿದಳು.
'ಮುಡಿದ್ರ ಬೀಜ ಆಗಲ್ಲ'
ಅಂದವನು ಬೆರಳು ಮಡಿಸುತ್ತಿದ್ದ:
ಇನ್ನೊಮ್ಮೆ ಅರಳೋ ಹೊತ್ತಿಗೆ
ತನಗೆ ಎಪ್ಪತ್ತೊಂದು.
ಗುಡ್ಡ ಎಷ್ಟು ಉಳಿದೀತು,
ಬರೆಯಲಿಲ್ಲ.