ಕಾರ್ಪೆಟ್ ಏರಿಯಾ

ನನ್ನ ಕೆಲಸ ಅಳೆಯುವುದು.
ರಾವೇತ, ತಾಥವಡೆ, ಮೋಶಿ, ಚರ್ಹೋಲಿ—
ಬೆಳಿಗ್ಗೆ ಬ್ಯಾಂಕಿನಿಂದ ವಿಳಾಸ ಬರುತ್ತದೆ,
ಸಂಜೆಯೊಳಗೆ ನಾನೊಂದು ಅಂಕಿ ಕಳಿಸಬೇಕು.
ಅಂಕಿಯ ಕೆಳಗೆ ಸಹಿ, ಸಹಿಯ ಮೇಲೆ ಸೀಲು,
ಸೀಲಿನಡಿ ಯಾರದೋ ಇನ್ನೂರ ನಲವತ್ತು
ಐದನೇ ತಾರೀಕುಗಳು.

ಬೆಲೆ ಹೇಗೆ ಕಟ್ಟುತ್ತೀರಿ, ಕೇಳುತ್ತಾರೆ.
ಗುಟ್ಟೇನಿಲ್ಲ. ಪಕ್ಕದ ಮನೆ
ಎಷ್ಟಕ್ಕೆ ಹೋಯಿತೆಂದು ನೋಡುತ್ತೇನೆ.
ಪಕ್ಕದ್ದಕ್ಕೆ ಕಟ್ಟಿದವನೂ ನಾನೇ,
ಅದರ ಪಕ್ಕದ್ದು ನೋಡಿ.
ಹೀಗೇ ಹಿಂದೆ ಹಿಂದೆ ಸರಿದರೆ
ಕೊನೆಗೊಂದು ಜೋಳದ ಹೊಲ,
ಬದುವಿನ ಮೇಲೆ ಮೋಟಾರ್‌ಸೈಕಲ್ ನಿಲ್ಲಿಸಿಕೊಂಡು
ಬಾಯಿಗೆ ಬಂದದ್ದು ಹೇಳಿದ ಒಬ್ಬ ದಲ್ಲಾಳಿ.

ಮೋಶಿಯ ಸ್ಯಾಂಪಲ್ ಫ್ಲ್ಯಾಟಿನಲ್ಲಿ ಸಿಕ್ಕವರು
ಸಾತಲಿಂಗ ಬಿರಾಜದಾರ, ಹೆಂಡತಿ ಮಹಾನಂದಾ.
ಅಕ್ಕಲಕೋಟ ಕಡೆಯವರು.
ಅವನು ಚಾಕಣದಲ್ಲಿ ಬ್ರೇಕು ಜೋಡಿಸುತ್ತಾನೆ,
ಅವಳು ಖಡಕ್ ರೊಟ್ಟಿ ಬಡಿದು ನಾಲ್ಕು ಮೆಸ್ಸಿಗೆ ಕೊಡುತ್ತಾಳೆ.
ಕಟ್ಟಡ ಇನ್ನೂ ಆರನೇ ಸ್ಲ್ಯಾಬಿನಲ್ಲಿತ್ತು;
ಅವರ ಮನೆ ಹದಿನಾಲ್ಕರಲ್ಲಿ,
ಅಲ್ಲಿ ಆಗ ಹದ್ದೊಂದು ಸುತ್ತುತ್ತಿತ್ತು.

ಲೇಸರಿನ ಕೆಂಪು ಚುಕ್ಕೆ ಗೋಡೆಗೆ ಹಿಡಿದು
ಮರಾಠಿಯಲ್ಲೇ ಮಾತಾಡುತ್ತಿದ್ದೆ. ಎಣಿಕೆ ಮಾತ್ರ,
ಹಾಳಾದ್ದು, ಕನ್ನಡದಲ್ಲೇ ಬರುತ್ತದೆ.
ಹತ್ತೂಮುಕ್ಕಾಲು, ಒಂಬತ್ತು—
‘ಅಯ್ಯ, ನಮ್ಮ ಕಡಿಯವರೇನ್ರಿ?’ ಅಂದಳು.

ಸ್ಯಾಂಪಲ್ ಫ್ಲ್ಯಾಟಿನ ಮಂಚ ಐದಡಿ ಮೂರಿಂಚು.
ಕೋಣೆ ದೊಡ್ಡದು ಕಾಣಲೆಂದು ಮಾಡಿಸಿದ್ದು.
ಬಾಗಿಲಿಗೆ ಕದವಿಲ್ಲ. ಫ್ರಿಜ್ಜಿನೊಳಗೆ ಥರ್ಮೋಕೋಲು.
ಸಾತಲಿಂಗ ಚಪ್ಪಲಿ ಕಳಚಿ ಅಡ್ಡಾದ,
ಹಿಮ್ಮಡಿ ಎರಡೂ ಹೊರಗೆ. ಅವಳು ನಕ್ಕಳು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಗೊತ್ತು;
ಹಾಸಿಗೆಯನ್ನೇ ಮೋಟು ಮಾಡಿಟ್ಟವರ ಬಗ್ಗೆ
ಹಿರಿಯರು ಏನೂ ಹೇಳಿಹೋಗಿಲ್ಲ.

‘ಖರೇ ಹೇಳ್ರಿ ಅಣ್ಣಾ,
ಅರವತ್ತೆರಡು ಲಕ್ಷ ಬಾಳ್ತದೇನ್ರಿ ಇದು?’

ಹೇಳಬಹುದಿತ್ತು.
ಎದುರಿನ ಟವರಿನ ಎಂಬತ್ತೆಂಟೂ ಮನೆ ಮಾರಿಹೋಗಿವೆ,
ರಾತ್ರಿ ಎಂಟಕ್ಕೆ ದೀಪ ಹತ್ತುವುದು ಹತ್ತೊಂಬತ್ತರಲ್ಲಿ.
ಉಳಿದವುಗಳ ಒಡೆಯರು ಬೇರೆಲ್ಲೋ ಕೂತು
ಇನ್ನೊಬ್ಬ ಮಹಾನಂದಾಳಿಗೆ ಕಾಯುತ್ತಿದ್ದಾರೆ ಎಂದು.

ಆದರೆ ಆ ಹತ್ತೊಂಬತ್ತರಲ್ಲಿ
ಒಂಬತ್ತನೇ ಮಹಡಿಯದು ನನ್ನದು.
ಬಡ್ಡಿ ಏರಿದಾಗ ಬ್ಯಾಂಕು ದೊಡ್ಡ ಮನಸ್ಸು ಮಾಡಿ
ಕಂತು ಏರಿಸಲಿಲ್ಲ, ವರ್ಷ ಏರಿಸಿತು;
ಸಾಲ ತೀರುವ ದಿನ ನನಗೆ ಅರವತ್ತೊಂಬತ್ತು.
ಅವಳ ಗಾಳಿಗೆ ನಾನು ಕಡಿಮೆ ಬರೆದರೆ
ನನ್ನ ಪಕ್ಕದ್ದು ಇಳಿಯುತ್ತದೆ,
ಪಕ್ಕದ್ದು ಇಳಿದರೆ—

‘ಏರ್ತದ ತಂಗಿ,’ ಅಂದೆ.

ಮೂರು ವರ್ಷದ ಮೇಲೆ ಅದೇ ವಿಳಾಸ ಬಂತು.
ಟಾಪ್‌ಅಪ್ ಸಾಲ. ಅವನ ಕಾರ್ಖಾನೆಯಲ್ಲಿ
ಒಂದು ಪಾಳಿ ನಿಂತುಹೋಗಿದೆಯಂತೆ.
ಹದಿನಾಲ್ಕರಲ್ಲಿ ಈಗ ಗೋಡೆಗಳಿವೆ.
ಆರೂಕಾಲಡಿಯ ಮಂಚ ತಂದಿದ್ದಾರೆ,
ಕೋಣೆಯ ಕದ ಮುಚ್ಚುವುದಿಲ್ಲ.
ಬಾಲ್ಕನಿ ತುಂಬ ಬಿಸಿಲಿಗೆ ರೊಟ್ಟಿ.

ಅಳೆದೆ. ಅಳತೆ ಅಷ್ಟೇ ಇತ್ತು.
ಎಂಟು ಲಕ್ಷ ಹೆಚ್ಚು ಬರೆದೆ.
‘ಕೇಳಿದ್ರೇನ್ರಿ,’ ಒಳಗೆ ಕೂಗಿದಳು,
‘ಕುಂತಲ್ಲೇ ಎಂಟು ಲಕ್ಷ ದುಡದೀವಿ!’
ಅವನು ಮಂಚದಿಂದ ಏಳಲಿಲ್ಲ.
ಕಾಲು ಈಗ ಸರಿಯಾಗಿ ಹಿಡಿಸಿದ್ದವು.

ಕಾಗದದಲ್ಲಿ ಸುತ್ತಿ ಎರಡು ರೊಟ್ಟಿ ಕೊಟ್ಟಳು.
ಲಿಫ್ಟಿನಲ್ಲಿ ಬಿಡಿಸಿದೆ: ಹಳೆಯ ಬ್ರೋಷರು—
ಈಜುಕೊಳ, ಹುಲ್ಲುಹಾಸು,
ನಗುವ ಯಾರದೋ ಮಕ್ಕಳ ಮುಖದ ಮೇಲೆ
ಉದುರಿದ ಎಳ್ಳು.
ಮುರಿದರೆ ಸದ್ದು ಜೋರಾಗಿ ಕೇಳಿಸಿತು.
ಬಾಯಿ ತಾನಾಗಿ ಎಣಿಸತೊಡಗಿತು,
ಹದಿಮೂರು, ಹನ್ನೆರಡು,
ಹನ್ನೊಂದು