ಮೂರು ಟನ್ನಿನ ಗಾಡಿ

ಹಾಸನದ ಬೈಪಾಸಿನ ಆಚೆ, ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ
ಖಾಲಿ ಬಿದ್ದಿದ್ದ ಶೆಡ್ಡಿನಲ್ಲಿ
ಮಿಲಿಟರಿಯ ಹಳೆ ಗಾಡಿಗಳನ್ನು ತಂದು ನಿಲ್ಲಿಸಿದ್ದಾರಂತೆ,
ತಲೆಗೆ ಇಪ್ಪತ್ತು ರೂಪಾಯಿ, ಮಕ್ಕಳಿಗೆ ಹತ್ತು.
ನೋಡಿ ಬರೋಣ ಅಂದವಳು ನಾನೇ.
ಮೀಸೆ ಕತ್ತರಿಸುತ್ತಿದ್ದ ಇವರು
ಕನ್ನಡಿಗೆ ಹೇಳಿದರು: "ನೋಡೋದೇನಿದೆ ಅದರಲ್ಲಿ."
ಆಮೇಲೆ ಇಸ್ತ್ರಿ ಅಂಗಿ ತೆಗೆದರು.

ದುದ್ದದಿಂದ ಬಸ್ಸು. ಬುತ್ತಿಗೆ ಚಿತ್ರಾನ್ನ, ಕಡ್ಲೆಬೀಜ ಒಂದು ಹಿಡಿ ಜಾಸ್ತಿ.
ಜೊತೆಗೆ ನಾದಿನಿಯ ಮೊಮ್ಮಗಳು ಲಿಖಿತ,
ಎರಡನೇ ಕ್ಲಾಸು, ಮುಂದಿನ ಹಲ್ಲಿಲ್ಲ, ಪ್ರಶ್ನೆಗೆ ಬರವಿಲ್ಲ.

ಬಾಗಿಲಲ್ಲೇ ಟ್ಯಾಂಕು.
ಅದರ ಮೂತಿಯ ಮೇಲೆ ಒಣಹಾಕಿದ್ದ ಟವೆಲ್ಲು
ಕಾವಲಿನ ಪ್ಯಾರೇಜಾನರದ್ದು; ನಾಚಿ ಎಳೆದುಕೊಂಡರು.
ಜನವೆಲ್ಲ ಅಲ್ಲೇ.
ಹೊಸದಾಗಿ ಮದುವೆಯಾದ ಜೋಡಿಯೊಂದು
ಚಪ್ಪರದ ಬಾಳೆಕಂಬಕ್ಕೆ ಒರಗಿದಂತೆ
ಕಬ್ಬಿಣದ ಚೈನಿಗೆ ಒರಗಿ ಫೋಟೋ.

ಇವರು ನಿಲ್ಲಲಿಲ್ಲ.
ಟ್ಯಾಂಕು ದಾಟಿ, ಜೀಪು ದಾಟಿ,
ಕೆಂಪು ಗುರುತಿನ ಆಂಬುಲೆನ್ಸು ದಾಟಿ
ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ
ಮೂರು ಟನ್ನಿನ ಲಾರಿಯ ಹತ್ತಿರ ಹೋದರು,
ಮದುವೆಮನೆಯ ಮೂಲೆಯಲ್ಲಿ ಕೂತ ನೆಂಟನನ್ನು
ಗುರುತು ಹಿಡಿದ ಹಾಗೆ.
ಇಸ್ತ್ರಿ ಅಂಗಿಯಲ್ಲೇ ಅಂಗಾತ ಮಲಗಿ ಅಡಿಗೆ ತೂರಿದರು.
ಹೊರಗೆ ಉಳಿದದ್ದು ಎರಡು ಪಾದ.
ಲಾರಿಯ ಹೊಟ್ಟೆಯಿಂದ ಮಾತು ಬಂತು, ಪ್ಯಾರೇಜಾನರಿಗೆ:
"ಆಯಿಲ್ ಪೂರ್ತಿ ಇಳಿಸಿಬಿಟ್ಟಿದೀರಲ್ಲ.
ಟೈರು ನೆಲಕ್ಕೆ ಬಿಡಬೇಡಿ, ಆಕ್ಸಲ್ಲಿಗೆ ಕಲ್ಲು ಕೊಡಿ.
ಓಡಿ ಕೆಡೋ ಗಾಡಿ ಅಲ್ಲ ಇದು, ನಿಂತು ಕೆಡೋದು."

ಲಿಖಿತ ಬಗ್ಗಿ ಕೇಳಿದಳು,
"ತಾತಾ, ಇದ್ರಲ್ಲಿ ಎಷ್ಟು ಜನಾನ್ನ ಸಾಯಿಸಿದೀಯ?"
ಟ್ಯಾಂಕಿನ ಹತ್ತಿರದವರೂ ತಿರುಗಿದರು.
ಹದಿನೇಳು ವರ್ಷ ಇವರು ಅಲ್ಲಿದ್ದಾಗ, ಮೂವತ್ತು ವರ್ಷ ಇಲ್ಲಿದ್ದಾಗ
ನಾನು ಕೇಳದೇ ಕಟ್ಟಿಟ್ಟುಕೊಂಡಿದ್ದು.

"ಒಂದು ಕೋಳಿ," ಅಂದರು ಅಡಿಯಿಂದ.
"ರಿವರ್ಸಿನಲ್ಲಿ. ದುಡ್ಡು ಕೊಟ್ಟೆ."

"ಮತ್ತೆ ಏನು ಮಾಡ್ತಿದ್ದೆ?"
"ಆಲೂಗಡ್ಡೆ."

ಎದ್ದು, ಬೆನ್ನಿನ ಧೂಳನ್ನು ಹಾಗೇ ಇಟ್ಟುಕೊಂಡು ಹೇಳಿದರು.
ಮೇಲೆ, ಉಸಿರಿಗೂ ರೇಷನ್ ಇರುವ ಊರಿಗೆ
ಮೂಟೆ ಮೂಟೆ ಆಲೂಗಡ್ಡೆ.
ಇಳಿಸುವ ಹೊತ್ತಿಗೆ ಕಲ್ಲು.
ಬಕೆಟ್ಟಿಗೆ ಹಾಕಿದರೆ ಠಣ್ ಅನ್ನುತ್ತಿದ್ದವಂತೆ.
ಒಂದು ಸಲ ಒಂದು ಮೂಟೆಯ ಮೇಲೆ ನೀಲಿ ಶಾಯಿ:
ಹಾಸನ. ಕನ್ನಡದಲ್ಲಿ.
"ಆ ಗೋಣಿಚೀಲ ಬಿಚ್ಚಿ ಸೀಟಿಗೆ ಹಾಸಿಕೊಂಡೆ.
ಸವೆದು ಚಿಂದಿಯಾಗೋವರೆಗೂ ಅದರ ಮೇಲೇ ಕೂತು ಓಡಿಸಿದೆ."

ಕಾಗದದಲ್ಲಿ ಇದು ಬಂದಿರಲಿಲ್ಲ.
ಬರುತ್ತಿದ್ದದ್ದು: ಇಲ್ಲಿ ಎಲ್ಲಾ ಕ್ಷೇಮ, ವಿಶೇಷವೇನಿಲ್ಲ.
ಮನೆಯಲ್ಲಿ ಒಂದು ಟ್ರಂಕಿನ ತುಂಬ
ವಿಶೇಷವೇನಿಲ್ಲ ಇದೆ.

ಹತ್ತಬಾರದು ಅಂತ ಬೋರ್ಡು.
ಪ್ಯಾರೇಜಾನರು ಟವೆಲ್ಲು ಒದರುವ ನೆಪದಲ್ಲಿ ಆ ಕಡೆ ತಿರುಗಿದರು.
ಇವರು ಬಾಗಿಲು ತೆಗೆದರು. ಹತ್ತಲಿಲ್ಲ.
"ನೀನು ಹತ್ತು," ಅಂದರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ.
ಸೀಟು ಹರಿದು ನಾರು ಹೊರಗೆ ಬಂದಿತ್ತು.
ಕಾಲು ಪೆಡಲಿಗೆ ಎಟುಕಲಿಲ್ಲ.
ಗಾಜಿನಾಚೆ ಬರೀ ಗೋಡೆ, ಅದರ ಮೇಲೊಂದು ಹಲ್ಲಿ.
ಸ್ಟೀರಿಂಗು ಇಷ್ಟು ದೊಡ್ಡದಿರುತ್ತದೆ ಅಂತ ಗೊತ್ತಿರಲಿಲ್ಲ;
ಹಿಡಿದರೆ ಎರಡೂ ತೋಳು ಅಗಲವಾಗಿಬಿಡುತ್ತವೆ,
ಎದುರಿಗೆ ಯಾರೋ ಬರುತ್ತಿದ್ದ ಹಾಗೆ.
ಹಿಡಿದೇ ಕೂತೆ.
ಲಿಖಿತ ಕೆಳಗಿಂದ ಬಾಯಲ್ಲೇ ಹಾರ್ನು ಹೊಡೆದಳು.

ಚಿತ್ರಾನ್ನವನ್ನು ಲಾರಿಯ ಪಕ್ಕವೇ ತಿಂದೆವು, ಪ್ಯಾರೇಜಾನರಿಗೂ ಒಂದು ಪಾಲು.
ಕಲ್ಲು ಸಿಕ್ಕವು, ಜಾಕು ಸಿಗಲಿಲ್ಲ.
ಬರೋ ಭಾನುವಾರ ನಾನೇ ತರ್ತೀನಿ ಅಂದರು ಇವರು,
ಟಿಕೇಟಿನ ದುಡ್ಡು ಈಗಲೇ ಕೊಡಲೇ ಅಂತಲೂ ಕೇಳಿದರು.

ವಾಪಸು ಬಸ್ಸಿನಲ್ಲಿ ಅದೇ ಕತೆ.
ತಿರುವು ಬಂದಾಗಲೆಲ್ಲ ಇವರ ಬಲಗಾಲು ನೆಲ ಒತ್ತುತ್ತದೆ.
ಬಯ್ಯುತ್ತಲೇ ಬಂದಿದ್ದೇನೆ ಇಷ್ಟು ವರ್ಷ,
ಡ್ರೈವರು ಮುಂದೆ ಇದಾನೆ ಕಣ್ರೀ, ಸುಮ್ಮನೆ ಕೂತ್ಕೊಳ್ಳಿ ಅಂತ.
ಲಿಖಿತ ತೊಡೆಯ ಮೇಲೆ ನಿದ್ದೆ.
ದುದ್ದ ಇನ್ನೇನು ಬರಬೇಕು, ಎಮ್ಮೆಯೊಂದು ಅಡ್ಡ ಬಂತು.
ಚಪ್ಪಲಿ ಕಳಚಿಟ್ಟಿದ್ದ ನನ್ನ ಕಾಲೂ ಒತ್ತಿತು.